ಸುಣ್ಣದ ಗೂಡಿನ ಬೀದಿ

ನೀರು ಸರಬರಾಜು ಕಚೇರಿಯ ದಾಖಲೆ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತವಳಿಗೆ ಬೆಳಗಿನಿಂದ ಅದೊಂದೇ ಕೆಲಸ. ಹನ್ನೊಂದು ಸಾವಿರ ಹಳೆಯ ಫೈಲುಗಳು. ಒಂದೊಂದನ್ನೇ ತೆರೆದರೆ ಓದಬಹುದು. ಪದ ಕೊಟ್ಟು ಹುಡುಕಿದರೆ ಮಾತ್ರ ಒಂದೂ ಬಾಯಿ ಬಿಡುವುದಿಲ್ಲ. ಅವನ್ನೆಲ್ಲ ಒಟ್ಟೊಟ್ಟಿಗೆ ಹೊಸ ನಮೂನೆಗೆ ಬದಲಿಸಿ ಹುಡುಕಲು ಬರುವಂತೆ ಮಾಡಬೇಕಿತ್ತು. ಅರ್ಧ ಮುಗಿದಿತ್ತು. ಅಷ್ಟರಲ್ಲಿ ಮೈದುನನ ಫೋನ್ ಬಂತು. ಅವನು ಅದೇ ಕಚೇರಿಯ ವಾಲ್ವ್‌ಮನ್.

"ಅತ್ತಿಗೆ, ಶಾಲೆ ರಸ್ತೇಲಿ ದೊಡ್ಡ ಪೈಪ್ ಒಡೆದಿದೆ. ನೆಲಮಾಳಿಗೆ ಮನೇಲಿ ಗಂಡ ಹೆಂಡತಿ ಸಿಕ್ಕಿಹಾಕ್ಕೊಂಡಿದ್ದಾರೆ, ನೀರಿನ ಒತ್ತಡಕ್ಕೆ ಬಾಗಿಲು ತೆಗೀತಿಲ್ಲ. ನೀರು ನಿಲ್ಲಿಸೋ ವಾಲ್ವ್ ನಕ್ಷೇಲೇ ಇಲ್ಲ, ಮೇಲೆ ಡಾಂಬರು ಬಳಿದುಬಿಟ್ಟಿದ್ದಾರೆ! ಹಳೇ ದುರಸ್ತಿ ವರದೀಲಿ ಜಾಗ ಬರೆದಿರ್ತಾರೆ, ಹುಡುಕಿ!"

ಅವಳು ತೆರೆ ನೋಡಿದರೆ, ಯಾವುದೋ ಕೆಟ್ಟ ಫೈಲಿನ ಮೇಲೆ ಎಲ್ಲವೂ ನಿಂತುಬಿಟ್ಟಿದೆ.

"ಮೊದಲಿಂದ ಶುರು ಮಾಡಮ್ಮ," ಎಂದರು ಹಿಂದೆ ಬಂದು ನಿಂತ ಸಾಹೇಬರು.

"ಮೊದಲಿಂದ ಮಾಡಿದ್ರೆ ಸಂಜೆ ಆಗುತ್ತೆ ಸಾರ್. ಅಷ್ಟರಲ್ಲಿ ಅವರು ಉಳಿಯಲ್ಲ."

ಕೆಟ್ಟ ಫೈಲನ್ನು ಪಕ್ಕಕ್ಕೆಸೆದು, ದುರಸ್ತಿ ವರದಿಗಳ ಕಟ್ಟನ್ನಷ್ಟೇ ಆರಿಸಿ ಓಡಿಸಿದಳು. ಇನ್ನೂರು ಫೈಲು, ಆರು ನಿಮಿಷ. ಮುಗಿದೊಡನೆ 'ಶಾಲೆ ರಸ್ತೆ' ಎಂದು ಹುಡುಕಿದಳು. ಸೊನ್ನೆ.

"ಲೋ, ಶಾಲೆ ಬರೋ ಮುಂಚೆ ಆ ರಸ್ತೆಗೆ ಏನಂತಿದ್ರು? ಹಳಬರನ್ನ ಕೇಳು, ಬೇಗ!"

ಫೋನಿನಲ್ಲಿ ನೀರಿನ ಭೋರ್ಗರೆತ, ಕೂಗಾಟ. ಕೊನೆಗೆ ಮೈದುನನ ದನಿ ಕೇಳಿಸಿತು. "ಮೇಲಿನ ಮನೆ ಅಜ್ಜಿ ಹೇಳ್ತಿದ್ದಾರೆ, ಸುಣ್ಣದ ಗೂಡಿನ ಬೀದಿ ಅಂತೆ. ಒಳಗೆ ಎದೆಮಟ್ಟ ಬಂತು ಅತ್ತಿಗೆ!"

ಅವಸರಕ್ಕೆ ಅಕ್ಷರ ತಪ್ಪಿತು. ಅಳಿಸಿ ಮತ್ತೆ ಹೊಡೆದಳು. ಒಂದೇ ಒಂದು ವರದಿ ಎದ್ದು ಬಂತು. ಅದನ್ನೇ ಫೋನಿಗೆ ಓದಿದಳು.

"ಬೀದಿ ತುದಿಯ ಸೇತುವೆಯ ಮೊದಲ ಕಂಬದಿಂದ ಪಶ್ಚಿಮಕ್ಕೆ ಒಂಬತ್ತಡಿ. ಒಂದೂವರೆ ಅಡಿ ಆಳ. ಅಗೀರಿ!"

ಹಾರೆಯ ಏಟುಗಳು ಕಿವಿಗೇ ಬಿದ್ದಂತಾದವು. "ಸಿಕ್ತು... ತುಕ್ಕು ಹಿಡಿದಿದೆ, ತಿರುಗ್ತಿಲ್ಲ." "ಎಳೀರೋ! ಎಲ್ಲಾ ಸೇರಿ ಎಳೀರೋ!" ಆಮೇಲೆ ಭೋರ್ಗರೆತ ಸಣ್ಣಗಾಯಿತು.

ಹೆಂಡತಿ ತನ್ನ ಕಾಲ ಮೇಲೇ ಹೊರಗೆ ಬಂದಳು. ಕಪಾಟು ಬಿದ್ದು ಗಂಡನ ಕಾಲು ಮುರಿದಿತ್ತು; ಹೊತ್ತು ತಂದರು. ಅಷ್ಟು ಹೇಳಿ ಮೈದುನ ಬಿಕ್ಕಿದ. ಚಿಕ್ಕಂದಿನಲ್ಲೂ ಅಳದವನು.

"ಮನೆಗೆ ಹೋಗಿ ಬಟ್ಟೆ ಬದಲಾಯಿಸ್ಕೋ," ಎಂದಳು.

ಸಾಹೇಬರು ಲೋಟದಲ್ಲಿ ನೀರು ತಂದಿಟ್ಟರು. ಅವಳು ಕುಡಿದು, ಉಳಿದ ಫೈಲುಗಳನ್ನು ಓಡಿಸಿದಳು.