ತಲೆಸುತ್ತು

"ಆ ದಿನ ಬೆಲ್ಟಿನ ಮೇಲೆ ಮುಚ್ಚಳ ಇತ್ತೋ ಇಲ್ವೋ? ಅಷ್ಟು ಹೇಳಮ್ಮ" ಎಂದು ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರು ಎರಡನೆಯ ಸಲ ಕೇಳಿದರು.

ಬಸವಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು. ಹಿಂದೆ ಬೆಂಚಿನ ಮೇಲೆ ಕುಳಿತ ಲಕ್ಷ್ಮಿದೇವಿಗೆ ಅವಳ ಬೆನ್ನಷ್ಟೇ ಕಾಣುತ್ತಿತ್ತು.

ಕಟ್ಟೆಮಳಲವಾಡಿಯಲ್ಲಿ ಇಬ್ಬರದೂ ಅಕ್ಕಪಕ್ಕದ ಮನೆ. ಹುಣಸೂರಿನ ಹೊಗೆಸೊಪ್ಪಿನ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಒಂದೇ ಯಂತ್ರದ ಮುಂದೆ ಎದುರುಬದುರು ನಿಂತು ದುಡಿದವರು. ಕೆಲಸ ಚುರುಕಾಗಲೆಂದು ಮೇಸ್ತ್ರಿ ಚಿಕ್ಕಬಸಪ್ಪ ಬೆಲ್ಟಿನ ಮೇಲಿನ ಕಬ್ಬಿಣದ ಮುಚ್ಚಳ ಬಿಚ್ಚಿಸಿದ ನಾಲ್ಕನೆಯ ದಿನ ಲಕ್ಷ್ಮಿದೇವಿಯ ಬಲಗೈಯ ಮೂರು ಬೆರಳು ಹೋದವು. ಕಿರುಚಿ ಯಂತ್ರ ನಿಲ್ಲಿಸಿದವಳು ಬಸವಮ್ಮ. ಸೆರಗು ಹರಿದು ಕೈಗೆ ಸುತ್ತಿ, ಟೆಂಪೋದಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದವಳೂ ಅವಳೇ. "ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ ಕಣೇ. ಕಣ್ಣಾರೆ ನೋಡಿವ್ನಿ" ಎಂದಿದ್ದಳು. ಕಾರ್ಖಾನೆಯವರು ಅವಳದೇ ಅಜಾಗರೂಕತೆ ಎಂದು ಬರೆದು ಕೆಲಸದಿಂದ ತೆಗೆದಾಗ ಲಕ್ಷ್ಮಿದೇವಿ ದೂರು ಕೊಟ್ಟದ್ದು ಆ ಮಾತನ್ನು ನಂಬಿ.

"ಇತ್ತು ಸ್ವಾಮಿ" ಎಂದಳು ಬಸವಮ್ಮ ಈಗ.

"ಮತ್ತೆ ಕೈ ಹೇಗೆ ಸಿಕ್ಕಿಕೊಳ್ತು?"

"ಅವ್ಳೇ ಮುಚ್ಚಳ ಎತ್ತಿ ಸಿಕ್ಕಾಕೊಂಡಿದ್ ಸೊಪ್ಪು ಬುಡಿಸ್ತಿದ್ಲು. ಅವ್ಳಿಗೆ ಆಗಾಗ ತಲೆಸುತ್ತು ಬತ್ತದೆ ಸ್ವಾಮಿ. ಅಂಗೇ ವಾಲ್ಬುಟ್ಲು. ಕೆಲ್ಸ ಹೋಯ್ತದೆ, ಯಾರ್ಗೂ ಹೇಳ್ಬೇಡ ಅಂದಿದ್ಲು."

ಲಕ್ಷ್ಮಿದೇವಿಗೆ ಮುಚ್ಚಳದ ಸುಳ್ಳು ಮರೆತೇಹೋಯಿತು. ಮಗಳು ಹರ್ಷಿತಾ ಹುಟ್ಟಿದ ಮೇಲೆ ಶುರುವಾದ ತಲೆಸುತ್ತು ಅದು. ಗಂಡನಿಗೂ ಹೇಳಿರಲಿಲ್ಲ. ಗೊತ್ತಿದ್ದವಳು ಬಸವಮ್ಮ ಒಬ್ಬಳೇ. ಕಣ್ಣು ಕತ್ತಲಿಟ್ಟಾಗಲೆಲ್ಲ ಅವಳನ್ನು ಮೂಟೆಗಳ ಹಿಂದೆ ಕೂರಿಸಿ, ಅವಳ ಪಾಲಿನ ಸೊಪ್ಪನ್ನೂ ತಾನೇ ಬಿಡಿಸುತ್ತಿದ್ದವಳು.

"ತಲೆಸುತ್ತು ಬರೋದು ನಿಜವೇನಮ್ಮ?" ಎಂದು ಇನ್‌ಸ್ಪೆಕ್ಟರು ಲಕ್ಷ್ಮಿದೇವಿಯನ್ನು ಕೇಳಿದರು.

ಇಲ್ಲ ಎನ್ನಬಹುದಿತ್ತು. ನಾಲಿಗೆ ಹೊರಳಲಿಲ್ಲ.

"ನಿಜ ಸ್ವಾಮಿ. ಆದ್ರೆ ಅವತ್ತು ಬಂದಿರ್ನಿಲ್ಲ. ಮುಚ್ಚಳಾನೂ ಇರ್ನಿಲ್ಲ."

ಇನ್‌ಸ್ಪೆಕ್ಟರು ಮೊದಲನೆಯ ಮಾತನ್ನು ಬರೆದುಕೊಂಡರು. ಉಳಿದದ್ದಕ್ಕೆ ತಲೆಯಾಡಿಸಿ ಪೆನ್ನಿನ ಕ್ಯಾಪು ಹಾಕಿದರು.

ಹೊರಗೆ ಹೊಂಗೆಮರದ ಕೆಳಗೆ ಬಸವಮ್ಮ ಓಡೋಡಿ ಬಂದು ಅಡ್ಡ ನಿಂತಳು. "ನಮ್ಮನೆಯವ್ರನ್ನ ಖಾಯಂ ಮಾಡ್ತೀವಿ ಅಂದ್ರು ಕಣೇ ಕಾರ್ಖಾನೆಯೋರು. ಇಲ್ದಿದ್ರೆ ಗಂಡ ಹೆಂಡ್ತಿ ಇಬ್ರೂ ಮನೇಲಿ ಕೂತ್ಕೊಳ್ಳಿ ಅಂದ್ರು. ನಾನೇನ್ ಮಾಡ್ಲಿ, ನೀನೇ ಹೇಳು."

"ಮುಚ್ಚಳ ಇತ್ತು ಅಂದಿದ್ರೆ ಸಾಕಾಗಿತ್ತಲ್ಲ. ತಲೆಸುತ್ತಿನ್ ಮಾತು ಯಾಕಾಡ್ದೆ? ಅದ ಅವರು ಹೇಳ್ಕೊಟ್ಟಿರ್ನಿಲ್ಲ. ಅವರ್ಗೆ ಗೊತ್ತೇ ಇರ್ನಿಲ್ಲ."

ಬಸವಮ್ಮ ಸೆರಗಿನ ತುದಿಯನ್ನು ಮತ್ತೆ ಬೆರಳಿಗೆ ಸುತ್ತಿಕೊಂಡಳು. "ಬರೀ ಸುಳ್ಳೇ ಹೇಳಕ್ಕೆ ಬಾಯಿ ಬರ್ನಿಲ್ಲ ಕಣೇ. ಒಸಿ ನಿಜಾನೂ ಸೇರಿಸ್ದೆ."

ಊರಿಗೆ ಮಧ್ಯಾಹ್ನ ಇದ್ದದ್ದು ಒಂದೇ ಬಸ್ಸು, ಅದೂ ಖಾಸಗಿಯದು. ಲಕ್ಷ್ಮಿದೇವಿ ಕಿಟಕಿಯ ಪಕ್ಕ ಕುಳಿತಳು. ಜನ ಹತ್ತಿ ಹತ್ತಿ, ಕೊನೆಗೆ ಉಳಿದದ್ದು ಅವಳ ಪಕ್ಕದ ಜಾಗ ಮಾತ್ರ. ಬಸವಮ್ಮ ಅಂಚಿನಲ್ಲಿ ಮುದುಡಿ ಕೂತಳು.

ಕಂಡಕ್ಟರು ಬಂದಾಗ ಬಸವಮ್ಮ ಅಭ್ಯಾಸಬಲದಿಂದ "ಕಟ್ಟೆಮಳಲವಾಡಿ ಎರಡು" ಎಂದಳು.

"ಅವ್ರಿಗೆ ಒಂದ್ ಕೊಡಿ. ನಂದು ನಾನ್ ತಕತ್ತೀನಿ."

ಲಕ್ಷ್ಮಿದೇವಿ ಎಡಗೈಯಲ್ಲಿ ಪರ್ಸಿನ ಜಿಪ್ಪನ್ನು ಎಳೆದಳು. ಅದು ಕಚ್ಚಿಕೊಂಡಿತು. ಬಸವಮ್ಮನ ಕೈ ಮುಂದೆ ಬಂದು, ಮಧ್ಯದಲ್ಲೇ ನಿಂತಿತು. ಲಕ್ಷ್ಮಿದೇವಿ ಜೋರಾಗಿ ಎಳೆದದ್ದೇ, ಚಿಲ್ಲರೆಯೆಲ್ಲ ಚೆಲ್ಲಿ ಸೀಟುಗಳ ಕೆಳಗೆ ಉರುಳಿತು. ಮುಂದಿನವರು, ಹಿಂದಿನವರು ಬಗ್ಗಿ ಹೆಕ್ಕಿ ಕೊಟ್ಟರು. ಲಕ್ಷ್ಮಿದೇವಿ ಒಬ್ಬೊಬ್ಬರ ಮುಂದೆಯೂ ಎಡ ಅಂಗೈ ಚಾಚಿ ತೆಗೆದುಕೊಂಡು, ಟಿಕೆಟು ಪಡೆದು ಕಿಟಕಿಯತ್ತ ತಿರುಗಿದಳು.

ಬಸವಮ್ಮನಿಗೂ ಕಾಲ ಬಳಿ ಒಂದು ರೂಪಾಯಿ ಸಿಕ್ಕಿತ್ತು. ಬಸ್ಸು ಪೇಟೆ ದಾಟಿ ಹೊಲಗಳ ನಡುವೆ ಓಡುತ್ತಿದ್ದಾಗಲೂ ಅವಳು ಅದನ್ನು ಮುಷ್ಟಿಯಲ್ಲಿ ಹಿಡಿದೇ ಕೂತಿದ್ದಳು.