ಸಾಕ್ಷಿ ಬಾಟಲಿ

ಬೈರಿಗೆಯಣ್ಣ ಬೈರಿಗೆ ತಿರುಗಿಸುತ್ತಾ ಮೊಳ ಮೊಳ ಮಣ್ಣು ಮೇಲೆತ್ತಿ ತಗಡಿನ ಮೇಲೆ ಉದ್ದಕ್ಕೆ ಮಲಗಿಸುತ್ತಿದ್ದ. ಮೊದಲು ಕಂದು, ಆಮೇಲೆ ಬೂದಿ. ಮೂರನೇ ಮೊಳದಲ್ಲಿ, ಯಾರೋ ಬಚ್ಚಿಟ್ಟು ಮರೆತ ಗುಟ್ಟಿನ ಹಾಗೆ, ಒಂದು ನೇರಳೆ ಗೆರೆ.

"ಬಣ್ಣದ ಕಾರ್ಖಾನೆ ಮುಚ್ಚಿ ಹನ್ನೊಂದು ವರ್ಷ ಆಯ್ತು. ಇದಿನ್ನೂ ಸಿಂಗಾರ ಮಾಡ್ಕೊಂಡೇ ಕೂತಿದೆ ನೋಡು," ಎಂದ.

ನಾನು ಮೂಗು ಹತ್ತಿರ ತಂದೆ. ಗಾಟು ವಾಸನೆ, ಬಣ್ಣ ತೆಳು ಮಾಡುವ ಥಿನ್ನರಿನದು. ಅಜ್ಜಿಯ ಕಥೆಯೊಂದರಲ್ಲಿ ಏಳು ಜನ ಅಕ್ಕತಂಗಿಯರು ನೀರಾಗಿ ನೆಲದಡಿ ನಡೆಯುತ್ತಿದ್ದರು. ಯಾರ ಅಂಗಳದ ಕೆಳಗೆ ಹಾದರೂ ಅಲ್ಲಿಯದೇನನ್ನೋ ಸೆರಗಿಗೆ ಕಟ್ಟಿಕೊಂಡು ಮುಂದೆ ಹೋಗುತ್ತಿದ್ದರು. ಈಗ ಮಣ್ಣು, ನೀರು ಪರೀಕ್ಷಿಸುವ ನನ್ನ ಕೆಲಸವೇ ಅದು, ಅವರ ಸೆರಗಿನ ಗಂಟು ಬಿಚ್ಚಿ ನೋಡುವುದು. ಇದನ್ನು ಒಮ್ಮೆ ಬಾಯಿ ತಪ್ಪಿ ಹೇಳಿದ್ದಕ್ಕೆ ಬೈರಿಗೆಯಣ್ಣ ನನಗೆ 'ಕಥೆಪುಟ್ಟಿ' ಎಂದು ಹೆಸರಿಟ್ಟಿದ್ದ.

ಕಾರ್ಖಾನೆಯ ಗೋಡೆಯಾಚೆ ಸಸಿಯಮ್ಮನ ಸಸಿತೋಟ. ಸಾಲು ಸಾಲು ಕುಂಡಗಳು, ನಡುವೆ ಒಂದೇ ಬಾವಿ. ಅದರ ನೀರಿನಲ್ಲಿ ಥಿನ್ನರಿನ ಅಂಶ ಸಿಕ್ಕಿದರೆ ಪಂಪಿಗೆ ಸೀಲು ಬೀಳುತ್ತದೆ. ಪಂಪು ನಿಂತರೆ ಸಾವಿರಾರು ಸಸಿಗಳು ವಾರದೊಳಗೆ ಒಣಗುತ್ತವೆ. ಅದು ಅವಳಿಗೂ ಗೊತ್ತಿತ್ತು.

"ಬಾ ಮಗಳೇ, ನೋಡು. ನನ್ನ ಬಾವೀದು ಏನೂ ತಪ್ಪಿಲ್ಲ," ಎಂದಳು, ಮಗುವನ್ನು ಸ್ಕೂಲಿಗೆ ಸೇರಿಸಲು ಬಂದ ತಾಯಿಯಂತೆ.

ನಿಂತ ನೀರು ಸುಳ್ಳು ಹೇಳುತ್ತದೆ. ಅದಕ್ಕೇ ಮೊದಲು ಅರ್ಧ ಗಂಟೆ ಪಂಪು ಓಡಿಸಿ, ಹೊಸ ನೀರು ಬಂದ ಮೇಲೆ ಪುಟ್ಟ ಗಾಜಿನ ಬಾಟಲಿಯ ಬಾಯಿಯಲ್ಲಿ ನೀರು ಗುಮ್ಮಟದಂತೆ ಉಬ್ಬುವವರೆಗೆ ತುಂಬಿದೆ. ಇನ್ನೊಂದು ಬಾಟಲಿಗೆ ಅಲ್ಲೇ ನಿಂತು, ಲ್ಯಾಬಿನಿಂದ ತಂದಿದ್ದ ಶುದ್ಧ ನೀರನ್ನು ತುಂಬಿದೆ. ಇದು ಸಾಕ್ಷಿ ಬಾಟಲಿ. ಅದರಲ್ಲಿ ಏನಾದರೂ ಸಿಕ್ಕರೆ ಅದು ಬಾವಿಯದಲ್ಲ, ನಾವೇ ಎಲ್ಲಿಂದಲೋ ತಂದದ್ದು.

ಮುಚ್ಚಳ ಹಾಕುವ ಮೊದಲು ಚೀಟಿ ಬರೆಯಲು ಕೂತೆ. ಚೀಟಿ ಒದ್ದೆಯಾಗಿ ನನ್ನ ಪೆನ್ನು ಬರೆಯಲೇ ಇಲ್ಲ. "ತಗೋ, ಇದು ಕಲ್ಲಿನ ಮೇಲೂ ಬರೆಯುತ್ತೆ," ಎಂದು ಸಸಿಯಮ್ಮ ತನ್ನ ದಪ್ಪ ಪೆನ್ನು ಕೊಟ್ಟಳು. ನಾನು ಎರಡು ಚೀಟಿಗಳನ್ನೂ ಬರೆದು ಅಂಟಿಸಿದೆ. ಆಮೇಲೆ ಮುಚ್ಚಳ ತಿರುಗಿಸಿ, ತಲೆಕೆಳಗು ಮಾಡಿ, ಬೆರಳಿನಿಂದ ತಟ್ಟಿದೆ. ಗಾಳಿ ಸಿಕ್ಕರೆ ಥಿನ್ನರ್ ಆರಿಹೋಗುತ್ತದೆ, ಅದಕ್ಕೇ ಒಂದು ಗುಳ್ಳೆಯೂ ಏಳಬಾರದು; ಏಳಲಿಲ್ಲ.

ಐದನೇ ದಿನ ಲ್ಯಾಬಿನ ಮೇಡಂ ಫೋನು.

"ಸಸಿತೋಟದ ಬಾವಿಯಲ್ಲಿ ಥಿನ್ನರ್ ಇದೆ."

"ಅಯ್ಯೋ, ಪಂಪಿಗೆ ಸೀಲಾ ಮೇಡಂ?" ಎಂದೆ.

"ತಡಿ, ಪೂರ್ತಿ ಕೇಳು. ಸಾಕ್ಷಿ ಬಾಟಲೀಲೂ ಇದೆ, ಹೆಚ್ಚುಕಮ್ಮಿ ಅಷ್ಟೇ. ಏನು ಮಾಡ್ಕೊಂಡು ಬಂದ್ರಿ ಇಬ್ಬರೂ? ಸೋಮವಾರದೊಳಗೆ ಗೊತ್ತಾಗದಿದ್ರೆ ಬಾವಿ ಕೆಟ್ಟಿದೆ ಅಂತಲೇ ಬರೆದು ಕಳಿಸ್ತೀನಿ."

ಬೈರಿಗೆಯಣ್ಣ ಮತ್ತು ನಾನು ಜೀಪನ್ನು ಜಾಲಾಡಿದೆವು. ಪೆಟ್ರೋಲ್ ಡಬ್ಬಿ ಆವತ್ತು ತಂದೇ ಇರಲಿಲ್ಲ. ಕೈಗವಸು ಹೊಸದು. ಐಸ್ ಪೆಟ್ಟಿಗೆಯೊಳಗೆ ತಲೆ ಹಾಕಿ ಮೂಸಿದ ಅವನು, "ನನ್ನ ಮಧ್ಯಾಹ್ನದ ಊಟ ಬಿಟ್ರೆ ಇನ್ನೇನೂ ವಾಸನೆ ಇಲ್ಲ," ಎಂದ.

"ಊಟ ಅದರಲ್ಲಿಟ್ಟಿದ್ಯಾ ಅಣ್ಣಾ?"

"ನಿನ್ನೆ ಕಣೇ, ಆವತ್ತಲ್ಲ. ಹಾಗೆ ನೋಡಬೇಡ, ನಿಮ್ಮಜ್ಜಿ ಕಥೆ ರಾಕ್ಷಸಿ ಥರ."

ನನ್ನ ತಲೆಗೆ ಹುಳ ಬಿಟ್ಟಂತಾಗಿತ್ತು. ಬಾವಿಯ ಚಿಂತೆಯಷ್ಟೇ ಅಲ್ಲ, ನಾನೇ ತುಂಬಿದ ಶುದ್ಧ ನೀರಿಗೆ ಅದು ನನ್ನ ಕಣ್ಣೆದುರೇ ಹೇಗೆ ಹೊಕ್ಕಿತು? ಶನಿವಾರ ಬೆಳಿಗ್ಗೆ ಸಸಿತೋಟಕ್ಕೆ ಹೋದೆ. ನಿಜ ಹೇಳಿಬಿಡಬೇಕು, ಜೊತೆಗೆ ಆ ಜಾಗವನ್ನು ಇನ್ನೊಮ್ಮೆ ನೋಡಬೇಕು.

ಸಸಿಯಮ್ಮ ಕುಂಡವೊಂದನ್ನು ತೊಡೆಯ ಮೇಲಿಟ್ಟುಕೊಂಡು 'ಕಣಗಿಲೆ' ಎಂದು ಬರೆಯುತ್ತಿದ್ದಳು. "ಏನು ಮಗಳೇ, ಸೀಲು ತಂದ್ಯಾ?" ಎಂದಳು ತಲೆಯೆತ್ತದೆ. ದನಿ ತಮಾಷೆಯದು, ಆದರೆ ಅದೇ ಕುಂಡದ ಮೇಲೆ 'ಕಣಗಿಲೆ' ಎಂದು ಮತ್ತೊಮ್ಮೆ ಬರೆಯತೊಡಗಿದ್ದಳು.

ಉತ್ತರ ಕೊಡಲು ಅವಳ ಪಕ್ಕ ಕುಕ್ಕರಗಾಲಲ್ಲಿ ಕುಳಿತೆ. ಗಾಟು ವಾಸನೆ ಮೂಗಿಗೆ ಬಡಿಯಿತು.

"ಅಮ್ಮಾ, ಆ ಪೆನ್ನು ಇಲ್ಲಿ ಕೊಡಿ!"

ಬರಿಯ ಪೆನ್ನು, ಆದರೆ ಅದರ ಮಸಿಗೆ ಥಿನ್ನರಿನದೇ ವಾಸನೆ. ಬಿಚ್ಚಿದ ಬಾಟಲಿಗಳ ಪಕ್ಕದಲ್ಲಿ ಇದರ ಮುಚ್ಚಳ ತೆಗೆದಿಟ್ಟು, ಚೀಟಿಯ ಮೇಲೆ ದುಂಡಗೆ ಅಕ್ಷರ ತಿದ್ದಿದ್ದೆ. ಮೊದಲು ಚೀಟಿ, ಆಮೇಲೆ ನೀರು ಎಂದು ನನಗೆ ಕಲಿಸಿರಲಿಲ್ಲವೇ? ಕಲಿಸಿದ್ದರು. ಅಕ್ಷರ ಚಂದ ಕಾಣಲೆಂಬ ಆಸೆ ನನ್ನದು.

ಹೇಳಿದೆ. ಸಸಿಯಮ್ಮ ಪೆನ್ನನ್ನೂ ನನ್ನನ್ನೂ ಮೂರು ಸಲ ನೋಡಿದಳು.

"ಅಂದ್ರೆ ನನ್ನ ಪೆನ್ನೇ ನನ್ನ ಬಾವಿಗೆ ಮಸಿ ಬಳೀತಾ?"

"ಬಳಿದದ್ದು ನಾನು ಅಮ್ಮಾ. ಆದರೆ ಇನ್ನೂ ಗ್ಯಾರಂಟಿ ಇಲ್ಲ, ಪರೀಕ್ಷೆ ಮಾಡಿ ನೋಡಬೇಕು."

ಬೈರಿಗೆಯಣ್ಣನನ್ನು ಕರೆಸಿದೆ. ಶುದ್ಧ ನೀರಿನ ಒಂದು ಬಾಟಲಿಯನ್ನು ಬಿಚ್ಚಿದ ಪೆನ್ನಿನ ಪಕ್ಕ, ಇನ್ನೊಂದನ್ನು ತೋಟದ ಆ ತುದಿಯಲ್ಲಿ ಬಾಯಿ ತೆರೆದಿಟ್ಟೆವು. ಮೂರನೆಯದಕ್ಕೆ ಬಾವಿ ನೀರು. ಈ ಸಲ ಚೀಟಿಗಳನ್ನು ಮೊದಲೇ ಸೀಸದ ಕಡ್ಡಿಯಿಂದ ಬರೆದಿದ್ದೆ. ಮೇಡಂಗೆ ಫೋನು ಮಾಡಿ ತಪ್ಪೊಪ್ಪಿಕೊಂಡೆ. ಬೈದರು, ಚೆನ್ನಾಗಿಯೇ ಬೈದರು. ಆಮೇಲೆ, "ಭಾನುವಾರವೂ ಲ್ಯಾಬಿಗೆ ಬರೋ ಹಾಗೆ ಮಾಡಿದೆ," ಎಂದರು.

ಸೋಮವಾರ ಮಧ್ಯಾಹ್ನ ಫಲಿತಾಂಶ ಬಂತು. ಪೆನ್ನಿನ ಪಕ್ಕದ್ದರಲ್ಲಿ ಥಿನ್ನರ್. ದೂರದ್ದರಲ್ಲಿ ಏನೂ ಇಲ್ಲ. ಬಾವಿಯದರಲ್ಲೂ ಇಲ್ಲ.

ಸಸಿಯಮ್ಮ ಸುದ್ದಿ ಕೇಳಿ ಕುಣಿಯಲಿಲ್ಲ. ಪಂಪಿನ ಬಳಿ ಹೋಗಿ ಬೊಗಸೆ ನೀರು ಹಿಡಿದು ಮುಖ ತೊಳೆದುಕೊಂಡಳು. ಆಮೇಲೆ ಗೋಡೆಯ ಕಡೆ ನೋಡಿದಳು.

"ಆ ನೇರಳೆ ಗೆರೆ ಅಲ್ಲೇ ಇದೆಯಲ್ಲ? ಅದು ಈ ಕಡೆ ಹೊರಟ್ರೆ?"

"ಹೊರಟಿದೆಯೋ ಇಲ್ಲವೋ ಗೊತ್ತಿಲ್ಲ ಅಮ್ಮಾ. ಮೂರು ತಿಂಗಳಿಗೊಮ್ಮೆ ಬಂದು ನೋಡ್ತೀವಿ."

"ನಾನೂ ನೋಡ್ತೀನಿ. ಆ ಗುಮ್ಮಟ ಮಾಡೋದು ಹೇಳಿಕೊಡು," ಎಂದಳು. ನನ್ನ ಕಿವಿಯ ಮೇಲಿದ್ದ ಸೀಸದ ಕಡ್ಡಿಯನ್ನು ಕಿತ್ತುಕೊಂಡು, ದಾರ ಕಟ್ಟಿ, ಪಂಪಿನ ಕೊಳವೆಗೆ ನೇತುಹಾಕಿದಳು.