ಕುಣಿತದ ಪುರಾವೆ

"ಕುಣಿಯೋ ಅಂದ್ರೆ ನೆಲ ನೋಡ್ತಾನೆ, ಬೋಳೀಮಗ! ಬುಡಕಟ್ಟು ಅಂತ ಅರ್ಜಿ ಹಾಕಕ್ಕೆ ಬರುತ್ತೆ, ಒಂದು ಹೆಜ್ಜೆ ಹಾಕಕ್ಕೆ ಬರಲ್ವಾ?"

ಜಾತಿ ಸರ್ಟಿಫಿಕೇಟಿಗೆ ಸಹಿ ಹಾಕುವ ಸಾಹೇಬರ ಮೇಜಿನೆದುರು ನಿಂತಿದ್ದವನು ಆಸ್ಪತ್ರೆಯ ಬಟ್ಟೆ ಒಗೆಯುವವನು. ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ಶುಕ್ರವಾರದೊಳಗೆ ಕಾಲೇಜಿಗೆ ಸರ್ಟಿಫಿಕೇಟ್ ಕೊಡದಿದ್ದರೆ ಸೀಟು ಬೇರೆಯವರ ಪಾಲು. ಇವನಿಗೆ ಬರುತ್ತಿದ್ದದ್ದು ಮದುವೆ ಮೆರವಣಿಗೆಗಳಲ್ಲಿ ಕಲಿತ ಸಿನಿಮಾ ಕುಣಿತವೊಂದೇ. ಅದನ್ನೇ ಕುಣಿದ. ಕಾಲು ಒಂದು ತಾಳಕ್ಕೆ, ಹೊಟ್ಟೆ ಇನ್ನೊಂದು ತಾಳಕ್ಕೆ. ಅಂಗಿಯ ಗುಂಡಿ ಕಿತ್ತು ಫೈಲಿನ ಮೇಲೆ ಹೋಗಿ ಕೂತಿತು.

"ಬುಡಾನೂ ಇಲ್ಲ, ಕಟ್ಟೂ ಇಲ್ಲ! ಫೇಲ್. ನಿಮ್ಮೋರ ಕುಣಿತ ಕಲ್ತು ಬಾ," ಎಂದರು ಸಾಹೇಬರು.

ಗುಮಾಸ್ತರು ನಕ್ಕರು. ಎಲ್ಲರಿಗಿಂತ ಜೋರಾಗಿ ಇವನೇ ನಕ್ಕ. ಹಲ್ಲು ಕಿರಿಯುವುದಕ್ಕೇನಾದರೂ ಸರ್ಟಿಫಿಕೇಟ್ ಕೊಡುತ್ತಿದ್ದರೆ ಇವನಿಗೆ ಇಪ್ಪತ್ತು ವರ್ಷದ ಹಿಂದೆಯೇ ಸಿಗಬೇಕಿತ್ತು.

ಅಲ್ಲಿಂದ ನೇರ ಅಪ್ಪನ ಅಕ್ಕನ ಮನೆಗೆ ಹೋದ.

"ಅತ್ತೆ, ನಮ್ಮ ಕುಣಿತ ಕಲಿಸ್ತೀಯಾ?"

"ನಿಮ್ಮಪ್ಪ ಸತ್ತಾಗ ಕುಣಿದು ಕಳಿಸಣ ಅಂದ್ರೆ, ಕ್ವಾರ್ಟರ್ಸಲ್ಲಿ ಮಾನ ಹೋಗುತ್ತೆ ಅಂದೆ. ಈಗ ಕಾಗದ ಬೇಕು ಅಂತ ಬಂದ್ಯಾ, ಮುಂಡೇದೇ?"

ಬೈಯುತ್ತಲೇ ಚಾಪೆ ಮಡಚಿ ಮೂಲೆಗಿಟ್ಟಳು. ಟ್ರಂಕಿನಿಂದ ಸತ್ತ ತಮ್ಮನ ಹಳೆಯ ಅಂಗಿ ತೆಗೆದು ನೆಲದ ನಡುವೆ ಹಾಸಿದಳು.

"ಸತ್ತೋರ ಸುತ್ತ ಏಳು ಸುತ್ತು. ಹೆಜ್ಜೆ ತಪ್ಪಿದ್ರೂ ನಿಲ್ಲಬಾರದು."

ಮೊದಲ ಸುತ್ತಿಗೇ ಉಸಿರು ಕಟ್ಟಿತು. ಎರಡನೆಯದರಲ್ಲಿ ಅತ್ತೆಯ ಕಾಲು ತುಳಿದು ಬೆನ್ನಿಗೊಂದು ಗುದ್ದು ತಿಂದ. ನಾಲ್ಕನೆಯದರಲ್ಲಿ, ತಾನು ಉಬ್ಬಸವೆಂದುಕೊಂಡಿದ್ದು ಅಳು ಎಂದು ತಿಳಿಯಿತು. ಎರಡು ವರ್ಷದಿಂದ ಎದೆಯಲ್ಲಿ ಕೂತಿದ್ದ ಭಾರಕ್ಕೆ ಈ ಮಹಾಜಾಣ ಗ್ಯಾಸಿನ ಮಾತ್ರೆ ನುಂಗುತ್ತಿದ್ದ. ಏಳನೆಯ ಸುತ್ತು ಮುಗಿಯುವ ಹೊತ್ತಿಗೆ ಮೂಗು, ಕಣ್ಣು, ಬೆವರು ಎಲ್ಲ ಒಂದಾಗಿ ಹರಿಯುತ್ತಿದ್ದವು. ಅತ್ತೆ ಸೆರಗಿನಿಂದ ಅವನ ಮುಖ ಒರೆಸಿದಳು. ಮತ್ತೆ ಬೈಯಲಿಲ್ಲ.

ಶುಕ್ರವಾರ ಇಬ್ಬರೂ ಕಚೇರಿಗೆ ಬಂದರು.

"ಓ, ಮುದುಕೀನೂ ಕರ್ಕೊಂಡು ಬಂದ್ಯಾ? ಶುರು ಮಾಡ್ರಿ," ಎಂದ ಸಾಹೇಬರು ಫೋನಿನ ಕ್ಯಾಮೆರಾ ತೆರೆದರು.

"ನಡುವೆ ಒಬ್ಬರು ಇರಬೇಕು, ಸ್ವಾಮಿ," ಎಂದಳು ಅತ್ತೆ.

"ನಾನೇ ಇದೀನಲ್ಲಮ್ಮ!" ಸಾಹೇಬರು ತಾವೇ ಕುರ್ಚಿ ಎಳೆದು ನಡುವೆ ಕೂತರು.

ಅವನು ಅತ್ತೆಯ ಮುಖ ನೋಡಿದ. ಅವಳು ಆಗಲೇ ಹೆಜ್ಜೆ ಎತ್ತಿದ್ದಳು. ಅವನೂ ಎತ್ತಿದ. ಹೊಟ್ಟೆ ಕುಲುಕುತ್ತಲೇ ಇತ್ತು, ಆದರೆ ಈ ಸಲ ಕಾಲಿನ ಜತೆಗೆ. ಅತ್ತೆ ಎದೆಗೆ ಕೈ ಬಡಿದುಕೊಂಡು ರಾಗ ತೆಗೆದಳು: "ಅಯ್ಯೋ ನನ್ನಪ್ಪಾ, ಎಂಥ ದೊಡ್ಡ ಮನುಷ್ಯ ಆಗಿದ್ದೆಯೋ, ಹಿಂಗೆ ಬಿಟ್ಟು ಹೋದೆಯೋ..."

ಗುಮಾಸ್ತರ ನಗು ಒಬ್ಬೊಬ್ಬರದೇ ನಿಂತಿತು. ಮೂರನೆಯ ಸುತ್ತು ಮುಗಿಯುವಾಗ ಸಾಹೇಬರು ಫೋನು ಕೆಳಗಿಳಿಸಿದರು.

"ಏಯ್, ಇದು ಯಾವಾಗ ಕುಣಿಯೋದು?"

"ಯಾರಾದ್ರೂ ಸತ್ತಾಗ," ಎಂದಳು ಅತ್ತೆ, ನಿಲ್ಲದೆ.

ಸಾಹೇಬರು ಧಡಕ್ಕನೆ ಏಳಹೋದರು. ಒಗೆದು ಒಗೆದು ಸುಕ್ಕಾದ ಕೈಯೊಂದು ಅವರ ಹೆಗಲ ಮೇಲೆ ಬಿತ್ತು.

"ಏಳಬೇಡಿ ಸ್ವಾಮಿ," ಎಂದ ಅವನು. "ಇನ್ನೂ ನಾಲ್ಕು ಸುತ್ತಿದೆ."